ಏಣಿ ರೆಕಾರ್ಡಿನ ಎರಡನೇ ಮಗ್ಗುಲು

ಅವರೆಕಾಯಿ ಕಾಲ ಬಂದರೆ ನನಗೆ ಐದು ಜನ ಗಡ್ಡದವರು ನೆನಪಾಗುತ್ತಾರೆ. ನಗಬೇಡಿ. ನಿಮಗೆ ಸಂಕ್ರಾಂತಿ ನೆನಪಾಗಬಹುದು, ತವರುಮನೆ ನೆನಪಾಗಬಹುದು. ನನಗೆ ಮಾತ್ರ ಸಮುದ್ರದಾಚೆ ಎಲ್ಲೋ ಇದ್ದ, ನಾನು ಕಂಡಿರದ, ನನ್ನನ್ನೂ ಕಂಡಿರದ ಐದು ಜನ ಗಂಡಸರು. ಅವರದೊಂದು ಬ್ಯಾಂಡು. ರಾಕ್ ಬ್ಯಾಂಡು ಎನ್ನುತ್ತಾರೆ. ಅದರ ಹೆಸರು ನನ್ನ ನಾಲಿಗೆಗೆ ಅಂದೂ ಹೊರಳಲಿಲ್ಲ, ಇಂದೂ ಹೊರಳುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಗಡ್ಡದವರು ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಷ್ಟು ಸಾಕಿತ್ತು.

ಮೊನ್ನೆ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಪಕ್ಕದಲ್ಲಿ ಫೋನು ನೋಡುತ್ತಿದ್ದ ಮೊಮ್ಮಗಳು ಇದ್ದಕ್ಕಿದ್ದಂತೆ, "ಅಜ್ಜಿ, ನಿಮ್ಮ ಗಡ್ಡದವರ ಏಣಿ ರೆಕಾರ್ಡ್ ಇದ್ಯಲ್ಲ, ಅದು ಕೆಟ್ಟದ್ದಲ್ವಂತೆ. ಇಷ್ಟು ವರ್ಷ ಸುಮ್‌ಸುಮ್ನೆ ಬೈದ್ಬಿಟ್ವಿ ಅಂತ ಫ್ಯಾನ್ಸೆಲ್ಲ ಈಗ ಬರೀತಿದಾರೆ" ಎಂದಳು.

"ಈಗ ಗೊತ್ತಾಯ್ತಾ ಅವ್ರಿಗೆ?" ಎಂದೆ.

ನಮ್ಮ ಮನೆಯಲ್ಲಿ ಆ ವಿಷಯ ಎಂದೋ ಇತ್ಯರ್ಥವಾಗಿದೆ. ಅದೂ ಒಂದು ಮದುವೆ ತಪ್ಪಿಹೋಗುವ ಹಂತಕ್ಕೆ ಬಂದ ಮೇಲೆ.

ನಾನು ಮದುವೆಯಾಗಿ ಜಯನಗರದ ಮನೆಗೆ ಬಂದಾಗ ನಡುಮನೆಯಲ್ಲಿ ಮೇಜಿನಷ್ಟು ದೊಡ್ಡ ಮರದ ಪೆಟ್ಟಿಗೆ ಇತ್ತು. ರೇಡಿಯೋಗ್ರಾಂ. ಮೇಲಿನ ಮುಚ್ಚಳ ಎತ್ತಿದರೆ ಒಳಗೆ ರೆಕಾರ್ಡು ತಿರುಗುವ ತಟ್ಟೆ. ಮಾವನವರು ಆಸೆಪಟ್ಟು ತಂದದ್ದಂತೆ. ಅತ್ತೆ ಮಾವ ಇಬ್ಬರೂ ಹೋದ ಮೇಲೆ ಆ ಪೆಟ್ಟಿಗೆ ನನ್ನ ಮೈದುನ ಮುರಳಿಯ ಪಾಲಾಯಿತು. ಮುರಳಿ ನನ್ನ ಪಾಲಾದ. ನಮ್ಮ ಯಜಮಾನರು ಕಾರ್ಖಾನೆಯ ಶಿಫ್ಟಿನವರು, ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಿದ್ದರು. ಹಾಗಾಗಿ ಮೈದುನನಿಗೆ ಬೈಯುವುದು, ಬಡಿಸುವುದು, ಹೆಣ್ಣು ಹುಡುಕುವುದು ಎಲ್ಲ ನನ್ನ ಕೆಲಸ.

ಮುರಳಿ ಆಗ ಬೆಲ್‌ಬಾಟಂ ಪ್ಯಾಂಟು ಹಾಕುತ್ತಿದ್ದ. ಅವನು ಬೀದಿಯಲ್ಲಿ ನಡೆದುಹೋದರೆ ಕಸ ಗುಡಿಸಿದಂತಾಗುತ್ತಿತ್ತು. ಕೂದಲು ನನ್ನ ಕೂದಲಿಗಿಂತ ಉದ್ದ. ಗಡ್ಡ ಮಾತ್ರ ಎಷ್ಟು ಕಾದರೂ ಬರಲೊಲ್ಲದು, ಗದ್ದದ ಮೇಲೆ ನಾಲ್ಕು ಕೂದಲು ಬೇಸಿಗೆಯ ಹುಲ್ಲಿನ ಹಾಗೆ. ಅದಕ್ಕೇ ಇರಬೇಕು, ಗಡ್ಡದವರನ್ನು ಕಂಡರೆ ಅವನಿಗೆ ಅಷ್ಟು ಭಕ್ತಿ.

ಭಕ್ತಿಯ ಮಾತು ಬಂತಲ್ಲ, ನನ್ನದೂ ಒಂದು ಹೇಳಿಬಿಡುತ್ತೇನೆ. ಬಂದ ಹೊಸತರಲ್ಲಿ ಆಯುಧಪೂಜೆಯ ದಿನ ರೇಡಿಯೋಗ್ರಾಮಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ಅದರ ಮೇಲೆ ಗಡ್ಡದವರ ರೆಕಾರ್ಡು ಇತ್ತು. ರಟ್ಟಿನ ಕವರಿನ ಮೇಲೆ ಐದು ಜನರ ಫೋಟೋ. ಉದ್ದ ಗಡ್ಡ, ಜಡೆ, ಅರ್ಧ ಮುಚ್ಚಿದ ಕಣ್ಣು. ಉತ್ತರದ ಕಡೆಯ ಯಾರೋ ಸ್ವಾಮಿಗಳಿರಬೇಕು ಎಂದುಕೊಂಡು ಐವರಿಗೂ ಕುಂಕುಮ ಇಟ್ಟು, ಹೂ ಏರಿಸಿ, ಕೈಮುಗಿದೆ. ಮುರಳಿ ಬಂದು ನೋಡಿದ. ನಗಲಿಲ್ಲ, ಅವನೂ ಕೈಮುಗಿದ. ಆ ಕುಂಕುಮದ ಕಲೆ ಕವರಿನಿಂದ ಹೋಗಲೇ ಇಲ್ಲ.

ಭಾನುವಾರ ಬೆಳಿಗ್ಗೆ ಮುರಳಿಯ ಸ್ನೇಹಿತರಿಬ್ಬರು ಬರುತ್ತಿದ್ದರು. ಒಬ್ಬ ಗುಂಡ. ಹೆಸರಿಗೆ ಗುಂಡ, ಆಳು ಪೊರಕೆಕಡ್ಡಿ. ಇನ್ನೊಬ್ಬ ಸಲೀಂ, ಬಿಳೇಕಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಮೂವರೂ ಕಣ್ಣು ಮುಚ್ಚಿಕೊಂಡು, ತಲೆ ಆಡಿಸುತ್ತಾ, ಗಂಟೆಗಟ್ಟಲೆ ಕೂರುವರು. ದುಡಿಯುವ ವಯಸ್ಸಿನ ಗಂಡಸರು ಕೈ ಖಾಲಿ ಇಟ್ಟುಕೊಂಡು ಕೂತರೆ ನನಗೆ ಮೈ ಉರಿಯುತ್ತದೆ. ಒಂದು ಭಾನುವಾರ ರಾತ್ರಿಯೆಲ್ಲ ನೆನೆಸಿದ್ದ ಅವರೆಕಾಳಿನ ಬೇಸಿನ್ನು ತಂದು ಅವರ ನಡುವೆ ಇಟ್ಟೆ.

"ಏನಕ್ಕ ಇದು?" ಎಂದ ಗುಂಡ.

"ಕಿವಿಗೆ ತಾನೇ ಕೆಲಸ ಇರೋದು? ಕೈಗೆ ರಜಾನಾ? ಹಿದುಕಿ."

ಹಿದುಕುವುದು ಗೊತ್ತಲ್ಲ? ನೆಂದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಹೊಸಬರ ಬೇಳೆ ತಟ್ಟೆಗೆ ಬೀಳುವುದಿಲ್ಲ. ಗುಂಡನ ಮೊದಲ ಕಾಳು ಸಲೀಮನ ಕಾಫಿ ಲೋಟಕ್ಕೆ ಬಿತ್ತು, ಎರಡನೆಯದು ನಿದ್ದೆ ಮಾಡುತ್ತಿದ್ದ ನಮ್ಮ ಯಜಮಾನರ ಹಣೆಗೆ. ಆದರೂ ತಮಟೆ ಬಡಿತದಂಥ ಆ ಸಂಗೀತಕ್ಕೂ ಹಿದುಕುವುದಕ್ಕೂ ಏನೋ ಹೊಂದಿಕೆ ಇತ್ತು, ಮಧ್ಯಾಹ್ನದ ಹೊತ್ತಿಗೆ ಬೇಸಿನ್ನು ಖಾಲಿ. ಅಂದಿನಿಂದ ನಮ್ಮ ಮನೆಯ ಕಾನೂನು ಹೀಗಾಯಿತು: ಬೇಸಿನ್ನಿನಲ್ಲಿ ಕಾಳು ಇರುವವರೆಗೆ ರೆಕಾರ್ಡು ತಿರುಗಬೇಕು. ಕಾಳು ಮುಗಿದರೆ ರೆಕಾರ್ಡು ಬಂದ್, ಎಲೆ ಹಾಕುವುದು, ಹಿದುಕಿದ ಬೇಳೆ ಸಾರು, ಬಿಸಿ ಮುದ್ದೆ.

ಮುರಳಿಗೆ ಮಾತ್ರ ಹಿದುಕುವುದರಿಂದ ವಿನಾಯಿತಿ. ಅವರೆ ಸೊಗಡು ಹತ್ತಿದ ಕೈಯಲ್ಲಿ ರೆಕಾರ್ಡು ಮುಟ್ಟಬಾರದಂತೆ, ಜಿಡ್ಡಾಗುತ್ತದಂತೆ. ರೆಕಾರ್ಡು ಹಾಕುವುದು, ಮಗ್ಗುಲು ಬದಲಿಸುವುದು, ಮುಳ್ಳು ಒರೆಸುವುದು ಅವನ ಕೆಲಸ. ಒಣಗಿದ ಕೈ ಹಿಂದೆ ಕಟ್ಟಿಕೊಂಡು ಮಠದ ಅಯ್ಯನೋರ ಹಾಗೆ ನಿಂತಿರುತ್ತಿದ್ದ.

ನಾಲ್ಕನೇ ಕ್ಲಾಸಿನವಳಿಗೆ ಇಂಗ್ಲಿಷು ಎಲ್ಲಿ ಬರಬೇಕು? ಹಾಗಾಗಿ ಚಿತ್ರ ನೋಡಿ ನಾನೇ ರೆಕಾರ್ಡುಗಳಿಗೆ ಹೆಸರಿಟ್ಟಿದ್ದೆ. ಸ್ವಾಮಿಗಳ ರೆಕಾರ್ಡು, ಬೆಂಕಿ ರೆಕಾರ್ಡು, ಕುದುರೆ ರೆಕಾರ್ಡು. ಕುದುರೆಯದಕ್ಕೆ ಬೇಸಿನ್ನು ಬೇಗ ಖಾಲಿಯಾಗುತ್ತಿತ್ತು, ಬೆಂಕಿಯದರಲ್ಲಿ ನಡುವೆ ಎಲ್ಲರೂ ಬೆರಳು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ನನ್ನ ಲೆಕ್ಕದಲ್ಲಿ ಕುದುರೆಯೇ ಉತ್ತಮ.

ಹೀಗಿರುವಾಗ ಗಡ್ಡದವರು ಹೊಸ ರೆಕಾರ್ಡು ತಂದರು. ಸಲೀಮನ ಚಿಕ್ಕಪ್ಪ ಯಾರೋ ಹಡಗಿನಲ್ಲಿ ಕೆಲಸದಲ್ಲಿದ್ದವರು, ಅವರ ಕೈಯಲ್ಲಿ ತರಿಸಿದ್ದು. ಸಲೀಂ ಅದನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದ. ಕವರಿನ ಮೇಲೆ ಬಟಾಬಯಲು, ನಡುವೆ ಒಂದು ಏಣಿ. ಒರಗಲು ಗೋಡೆಯಿಲ್ಲ, ಮರವಿಲ್ಲ. ಸುಮ್ಮನೆ ನಿಂತಿದೆ.

"ಯಾರು ಹಿಡ್ಕೊಂಡಿದಾರೆ ಅದನ್ನ?" ಎಂದೆ.

"ಅದೇ ಅಕ್ಕ ಅದರ ಅರ್ಥ" ಎಂದ ಗುಂಡ. ಏನರ್ಥವೋ.

ಆಗ ಸಂಕ್ರಾಂತಿ ಕಳೆದು ದಿನಗಳಾಗಿದ್ದವು. ಅವರೆಯ ಕಾಲ ಮುಗಿಯುತ್ತಾ ಬಂದಿತ್ತು, ಮಾರ್ಕೆಟ್ಟಿನಲ್ಲಿ ಸಿಕ್ಕ ಕಾಯಲ್ಲಿ ಅರ್ಧ ಹುಳ. ಬೇಸಿನ್ನಿನ ತಳ ಮುಚ್ಚುವಷ್ಟು ಕಾಳು ಸಿಕ್ಕಿತ್ತು. ಅಷ್ಟನ್ನೇ ಇಟ್ಟೆ. ಮುರಳಿ ರೆಕಾರ್ಡು ಹಾಕಿ, ಮುಳ್ಳು ಇಳಿಸಿ, ಕೈಕಟ್ಟಿ ನಿಂತ.

ತಮಟೆಯಿಲ್ಲ, ಗಿಟಾರಿನ ಕಿರುಚಾಟವಿಲ್ಲ. ಯಾರೋ ಒಬ್ಬ ನಿಧಾನವಾಗಿ ಪಿಯಾನೋ ಒತ್ತುತ್ತಿದ್ದಾನೆ, ಇನ್ನೊಬ್ಬ ನೆಗಡಿ ಬಂದವನಂತೆ ಹಾಡುತ್ತಿದ್ದಾನೆ. ಒಂದು ಹಾಡು ಆಯಿತು. ಎರಡನೆಯದೂ ಹಾಗೇ. ಸಲೀಂ ಎಲ್ಲರ ಮುಖ ನೋಡುತ್ತಿದ್ದ, ಎಲ್ಲರೂ ಬೇಸಿನ್ನು ನೋಡುತ್ತಿದ್ದರು. ಕೊನೆಗೆ ಗುಂಡ ಬಾಯಿಬಿಟ್ಟ.

"ಗುರು, ಇದು ರಾಕಾ? ತಿಥಿ ಮನೇಲಿ ಕೂತಂಗಿದೆ."

"ಮುದುಕ್ರಾದ್ರು ಕಣೋ" ಎಂದ ಮುರಳಿ. "ನಮ್ಮೋರು ಮುಗುದ್ರು."

ಅಷ್ಟರಲ್ಲಿ ಹಾಡೂ ನಿಂತಿತು, ಕಾಳೂ ಮುಗಿಯಿತು. ನಾನು ಮುದ್ದೆ ತಂದೆ. ಉಂಡು ಕೈತೊಳೆಯುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಮುರಳಿ ಎದ್ದು ನಿಂತು, "ಈ ರೆಕಾರ್ಡು ಚೆನ್ನಾಗಿದೆ ಅನ್ನೋರ್ನ ನಮ್ಮನೆ ಗೇಟೊಳಗೆ ಬಿಡಲ್ಲ" ಎಂದು ಘೋಷಿಸಿದ. ಸಲೀಂ ಅದನ್ನು ವಾಪಸ್ಸೂ ಒಯ್ಯಲಿಲ್ಲ. "ಇಲ್ಲೇ ಇರ್ಲಿ ಅಕ್ಕ, ನೋಡಿದ್ರೆ ಸಂಕಟ ಆಗುತ್ತೆ" ಎಂದ.

ವಸ್ತು ಸುಮ್ಮನೆ ಬಿದ್ದಿರುವುದು ನನಗಾಗುವುದಿಲ್ಲ. ನಮ್ಮ ಅಕ್ಕಿ ಡಬ್ಬಿಯ ಮುಚ್ಚಳ ಸೊಟ್ಟಗಾಗಿ ಜಿರಳೆ ನುಗ್ಗುತ್ತಿತ್ತು. ಏಣಿ ರೆಕಾರ್ಡು ಇಟ್ಟು ನೋಡಿದೆ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಡುವಿನ ತೂತಿಗೆ ಔಷಧಿ ಬಾಟಲಿಯ ಬಿರಡೆ ಹಾಕಿದೆ. ಎತ್ತಲು ಹಿಡಿಯೂ ಆಯಿತು.

ವರ್ಷಗಳು ಹೋದವು. ಬೆಲ್‌ಬಾಟಂ ಹೋಯಿತು, ಮುರಳಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಕೂದಲು ಕಿವಿಯ ಮೇಲಕ್ಕೆ ಬಂತು. ಮದುವೆ ಮಾತ್ರ ಆಗಲೊಲ್ಲದು. ನಾನು ಎಷ್ಟು ಮನೆಯ ಉಪ್ಪಿಟ್ಟು ತಿಂದೆನೋ ದೇವರೇ ಬಲ್ಲ. ಒಬ್ಬಳು ತುಂಬ ಮಾತು, ಒಬ್ಬಳು ಮಾತೇ ಇಲ್ಲ, ಒಬ್ಬಳ ಮನೆಯ ರೇಡಿಯೋ ಸರಿಯಿಲ್ಲ. ರೇಡಿಯೋ ಸರಿಯಿಲ್ಲವೆಂದು ಹುಡುಗಿ ಬೇಡ ಎಂದವನು ಇಡೀ ಬೆಂಗಳೂರಿನಲ್ಲಿ ಇವನೊಬ್ಬನೇ ಇರಬೇಕು.

ಒಂದು ಕಾರ್ತಿಕದಲ್ಲಿ ಬನಶಂಕರಿಯಲ್ಲಿ ವಿಮಲಾ ಎಂಬ ಹುಡುಗಿಯನ್ನು ನೋಡಲು ಹೋದೆವು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದಳು. ಕಪ್ಪಗೆ, ನೆಟ್ಟಗೆ ಇದ್ದಳು, ಕೂತಲ್ಲೇ ಬೆರಳುಗಳು ಮೊಣಕಾಲ ಮೇಲೆ ಕುಣಿಯುತ್ತಿದ್ದವು. ಒಂದು ಹಾಡು ಹೇಳಮ್ಮ ಎಂದೆ, ಒಂದು ದೇವರನಾಮ ಹೇಳಿ ಮುಗಿಸಿದಳು. ಮುರಳಿ ಎಂದಿನಂತೆ ಗೋಡೆಯ ಕ್ಯಾಲೆಂಡರು ನೋಡುತ್ತಾ, ಕೇಳಬೇಕಲ್ಲ ಎಂದು ಕೇಳಿದ: "ಇಂಗ್ಲಿಷ್ ಹಾಡು ಏನಾದ್ರೂ ಕೇಳ್ತೀರಾ?"

"ಕೇಳ್ತೀನಿ. ನಮ್ಮಣ್ಣ ಹಾಸ್ಟೆಲಿಂದ ಟೇಪ್ ಮಾಡ್ಕೊಂಡು ಬರ್ತಿದ್ದ" ಎಂದು ಹುಡುಗಿ ಗಡ್ಡದವರ ಹೆಸರು ಹೇಳಿದಳು.

ಮುರಳಿಯ ಕತ್ತು ಕ್ಯಾಲೆಂಡರಿನಿಂದ ಹೇಗೆ ತಿರುಗಿತು ಎಂದರೆ, ಉಳುಕಿತೇ ಎಂದು ನನಗೆ ಗಾಬರಿಯಾಯಿತು. ಮುಖ ಅರಳಿ ಹೋಳಿಗೆಯಾಯಿತು. ಆಮೇಲೆ ಶುರುವಾಯಿತು ನೋಡಿ. ಅವನೊಂದು ಹೆಸರು, ಅವಳೊಂದು ಹೆಸರು, ಡ್ರಮ್ಮಿನವನು ಯಾಕೆ ಬಿಟ್ಟುಹೋದ, ಹೊಸಬ ಯಾಕೆ ಬಂದ. ಅವಳ ಅಪ್ಪ ನನ್ನ ಮುಖ ನೋಡಿದರು, ನಾನು ಕೇಸರಿಬಾತು ನೋಡಿದೆ. ಮನಸ್ಸಿನಲ್ಲೇ ಛತ್ರ ಗೊತ್ತುಮಾಡಿ, ಅಡುಗೆಯವರಿಗೂ ಹೇಳಿಬಿಟ್ಟಿದ್ದೆ.

"ನಿಮಗೆ ಯಾವುದು ತುಂಬಾ ಇಷ್ಟ?" ಎಂದ ಮುರಳಿ.

"ಕವರಿನ ಮೇಲೆ ಏಣಿ ಇರುತ್ತಲ್ಲ, ಅದು."

ಕೇಸರಿಬಾತಿನ ದ್ರಾಕ್ಷಿ ಮುರಳಿಯ ಗಂಟಲಿಗೆ ಅಡ್ಡ ಬಂತು. ನೀರು ಕುಡಿದ. ಸುಮ್ಮನಿರಬೇಡವೇ ಮನುಷ್ಯ? ಹುಡುಗಿ ಒಪ್ಪಿಗೆಯಾಗಿದ್ದಾಳೆ, ಒಂದು ಏಣಿಯನ್ನು ನುಂಗಿಕೊಳ್ಳಬಾರದೇ? "ಅದಾ? ಅದು ಶುದ್ಧ ಕಸ!" ಎಂದ.

ಹುಡುಗಿಯ ಬೆರಳು ನಿಂತವು. "ಸೆಕೆಂಡ್ ಸೈಡ್ ಕೇಳಿದೀರಾ?"

"ಓಹೋ! ಎಲ್ಲಾ ಕೇಳಿದೀನಿ."

"ಹಾಗಾದ್ರೆ ಕೊನೇ ಹಾಡಿನ ಕೊನೇಲಿ ಏನಾಗುತ್ತೆ, ಹೇಳಿ ನೋಡೋಣ."

ಮುರಳಿ ಸೂರು ನೋಡಿದ. "ಡ್ರಮ್ಸ್... ಡ್ರಮ್ಸ್ ಬರುತ್ತೆ."

ವಿಮಲಾ ನಕ್ಕಳು. ಕೆಟ್ಟ ನಗುವಲ್ಲ, ಆದರೆ ಸಿಕ್ಕಿಬಿದ್ದವನಿಗೆ ಯಾವ ನಗುವಾದರೇನು. "ನೀವು ಕೇಳಿಲ್ಲ. ಕೇಳಿ ಇಷ್ಟ ಆಗ್ಲಿಲ್ಲ ಅಂದ್ರೆ ನನಗೇನೂ ಬೇಜಾರಿಲ್ಲ. ಕೇಳ್ದೇನೇ ಬೈಯೋರ ಜೊತೆ ಸಂಸಾರ ಮಾಡೋದು ಕಷ್ಟ. ನಾಳೆ ನನ್ನ ಅಡುಗೆನೂ ಹಾಗೇ ಬೈತೀರಿ, ನನ್ನೂ ಹಾಗೇ ಬೈತೀರಿ."

"ವಿಮಲಾ!" ಎಂದರು ಅವರಪ್ಪ.

"ಇಲ್ಲಪ್ಪ, ಕೇಳ್ಕೊಂಡ್ ಬರ್ಲಿ. ಆಮೇಲೆ ಹೇಳ್ತೀನಿ."

ನನಗೆ ಆ ಹುಡುಗಿ ಅಲ್ಲೇ, ಆ ಕ್ಷಣವೇ ಹಿಡಿಸಿಬಿಟ್ಟಳು. ಮುರಳಿಗೂ ಹಿಡಿಸಿದ್ದಳು, ಅದೇ ಕಷ್ಟ. ಬಸ್ಸಿನಲ್ಲಿ ಬರುವಾಗ ಸೀಟು ಸಿಕ್ಕರೂ ಕೂರದೆ ಕಂಬ ಹಿಡಿದು ನಿಂತೇ ಬಂದ. ಮನೆಯ ಗೇಟು ದಾಟಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಅತ್ತಿಗೆ, ಅವತ್ತು ನಾನು ಅದನ್ನ ತಿರುಗ್ಸಿ ಹಾಕಿದ್ನಾ?"

"ಎಲ್ಲಿ ಹಾಕ್ತೀಯಾ? ಕಾಳು ಮುಗಿದಿತ್ತು."

"ಅಂದ್ರೆ ನಾವು ಅರ್ಧ ಕೇಳ್ಕೊಂಡು..."

"ಅರ್ಧ ಕೇಳ್ಕೊಂಡು ಊರೆಲ್ಲಾ ಬೈಕೊಂಡು ತಿರುಗಿದ್ರಿ. ನನ್ನ ಮುಖ ಏನ್ ನೋಡ್ತೀಯಾ? ಉಂಡ್ಮೇಲೆ ತಿರುಗಿಸಬೇಡಿ ಅಂತ ಯಾರಾದ್ರೂ ಕೈ ಹಿಡ್ಕೊಂಡಿದ್ರಾ?"

"ರೆಕಾರ್ಡ್ ಎಲ್ಲಿದೆ ಅತ್ತಿಗೆ?"

ಅಡುಗೆಮನೆಗೆ ಕರೆದುಕೊಂಡು ಹೋಗಿ ಅಕ್ಕಿ ಡಬ್ಬಿ ತೋರಿಸಿದೆ. ಬಿರಡೆ ಹಿಡಿದು ಎತ್ತಿದ. ಒಳಮುಖವಾಗಿದ್ದ ಮೊದಲನೇ ಮಗ್ಗುಲು ಡಬ್ಬಿಯ ಅಂಚಿಗೆ ಉಜ್ಜಿ ಉಜ್ಜಿ ಬಳಪ ಎಳೆದಂತೆ ಬೆಳ್ಳಗಾಗಿತ್ತು. ಮೇಲ್ಮುಖವಾಗಿದ್ದ ಎರಡನೇ ಮಗ್ಗುಲಿನ ಮೇಲೆ ಅಕ್ಕಿಹಿಟ್ಟಿನ ಧೂಳು, ಒಗ್ಗರಣೆಯ ಜಿಡ್ಡು. ಒರೆಸಿದರೆ ಕನ್ನಡಿಯ ಹಾಗೆ ಹೊಳೆಯಿತು. ಮುರಳಿ ಅದನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ. ಬ್ಯಾಂಕಿನ ನೌಕರ! ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಹೋದೆ.

ತಕ್ಷಣ ಹಾಕಿ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಬೈಯುವಾಗ ಮೂವರೂ ಇದ್ದೆವು, ಕೇಳುವಾಗಲೂ ಇರಬೇಕು ಎಂದ. ಅದೊಂದು ಮಾತು ಸರಿಯಾಗಿ ಆಡಿದ. ನಾನು ಬನಶಂಕರಿಗೆ ಹೇಳಿಕಳಿಸಿದೆ: ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದು ಪದ್ಧತಿ, ಭಾನುವಾರ ಬನ್ನಿ, ಹುಡುಗಿಯನ್ನೂ ಕರೆತನ್ನಿ. ಹುಡುಗಿಯನ್ನು ಯಾರೂ ಕರೆತರುವುದಿಲ್ಲ. ಆದರೆ ಅವರಪ್ಪ ಕರೆತಂದರು. "ಏನ್ ಮಾಡ್ಲಮ್ಮ, ಹಟ ಮಾಡಿದ್ಲು" ಎಂದು ಬಾಗಿಲಲ್ಲೇ ಕೈಮುಗಿದರು.

ಹೊಸ ಅವರೆ ಆಗತಾನೇ ಬಂದಿತ್ತು. ಸೊಗಡು ಎಂದರೆ ಸೊಗಡು, ಇಡೀ ಬೀದಿಗೆ ಗೊತ್ತಾಗುವಂಥದ್ದು. ಬೇಸಿನ್ನು ತುಂಬಿ, ಹೆಚ್ಚಾದದ್ದನ್ನು ಬಕೆಟ್ಟಿನಲ್ಲೂ ಇಟ್ಟೆ. ಈ ಸಲ ಕಾಳು ಮುಗಿಯಬಾರದು. ಗುಂಡ ಬಂದ, ಈಗ ಹೆಸರಿಗೆ ತಕ್ಕಂತೆ ಹೊಟ್ಟೆ. ಸಲೀಂ ಸೈಕಲ್ ಬಿಟ್ಟು ಸ್ಕೂಟರಿನಲ್ಲಿ ಬಂದ. ವಿಮಲಾ ಕಾಫಿ ಕುಡಿದವಳೇ ಸೆರಗು ಸಿಕ್ಕಿಸಿ ಬೇಸಿನ್ನಿನ ಮುಂದೆ ಕೂತಳು. ಅವರಪ್ಪನೂ ಪಂಚೆ ಮಡಚಿ ಕೂತರು. ಮುರಳಿ ಎಂದಿನಂತೆ ಒಣಕೈಯಲ್ಲಿ ನಿಂತ.

ಸೆಕೆಯಲ್ಲಿ ರೆಕಾರ್ಡು ಸ್ವಲ್ಪ ಡೊಂಕಾಗಿತ್ತು, ತಿರುಗಿದಾಗ ಕೆರೆಯ ಮೇಲಿನ ತೆಪ್ಪದಂತೆ ಏಳುತ್ತಾ ಬೀಳುತ್ತಾ ಇತ್ತು. ಮುಳ್ಳು ಜಾರದಿರಲೆಂದು ಸಲೀಂ ಮುಳ್ಳು ಹಿಡಿದ ಕಡ್ಡಿಯ ಮೇಲೊಂದು ನಾಣ್ಯ ಇಟ್ಟ. ಮೊದಲು ಬಂದದ್ದು ಹಪ್ಪಳ ಕರಿಯುವ ಸದ್ದು.

"ಹಿಟ್ಟು ಉಳಿದಿದೆ" ಎಂದ ಗುಂಡ. "ಅಕ್ಕ, ಸೋನಾ ಮಸೂರಿನಾ?"

"ಸುಮ್ನಿರೋ!" ಎಂದ ಸಲೀಂ.

ಹಾಡು ಶುರುವಾಯಿತು. ಮೊದಲನೆಯದು ಪರವಾಗಿಲ್ಲ. ಎರಡನೆಯದಕ್ಕೆ ಗುಂಡನ ತಲೆ ಆಡಿತು, ಯಾರೂ ನೋಡಲಿಲ್ಲ ಎಂದುಕೊಂಡು ನಿಲ್ಲಿಸಿದ. ಮೂರನೆಯದಕ್ಕೆ ವಿಮಲಾಳ ಬೆರಳು ಟೈಪು ಹೊಡೆಯುವಂತೆ ಎರಡೂ ಕೈಯಲ್ಲಿ ಓಡತೊಡಗಿದವು. ಎರಡು ಕೈಯಲ್ಲೂ ಕಾಳು ಹಿದುಕುವವರನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಯ ಹಾಡು ಬಂತು. ಅದೇ ನೆಗಡಿ ದನಿಯವನು, ಆದರೆ ಈಗ ಅವನ ದನಿಯಲ್ಲಿ ತುಂಟತನವಿತ್ತು. ಹಾಡು ಮುಂದೆ ಹೋದಂತೆಲ್ಲ ವೇಗ ಏರಿತು. ಆಮೇಲೆ ಒಂದೊಂದೇ ವಾದ್ಯ ನಿಲ್ಲುತ್ತಾ ಬಂತು. ಪಿಯಾನೋ ನಿಂತಿತು, ಗಿಟಾರು ನಿಂತಿತು, ಡ್ರಮ್ಮೂ ನಿಂತಿತು. ಮುರಳಿ ಬೆಚ್ಚಿ ಡ್ರಮ್ಮು ಹುಡುಕುವವನಂತೆ ಪೆಟ್ಟಿಗೆಯೊಳಗೆ ಬಗ್ಗಿದ. ಉಳಿದದ್ದು ಬರೀ ಚಪ್ಪಾಳೆ. ಐದು ಜನ ಸೇರಿ ಹೊಡೆಯುವ ಚಪ್ಪಾಳೆ, ಜೋರಾಗಿ, ಇನ್ನೂ ಜೋರಾಗಿ. ಬೇಸಿನ್ನಿನ ಸುತ್ತ ಕೂತವರ ಬೆರಳೂ ಅದೇ ಲಯಕ್ಕೆ ಬಿದ್ದವು. ಬೇಳೆಗಳು ಹಾರಿದವು ನೋಡಿ! ಗೋಡೆಗೆ, ಗಡಿಯಾರಕ್ಕೆ, ಅವಳಪ್ಪನ ಕನ್ನಡಕಕ್ಕೆ. ಅವರು ಕನ್ನಡಕ ತೆಗೆಯದೆ ಹಿದುಕುತ್ತಲೇ ಇದ್ದರು. ಎದ್ದು ಬಂದ ನಮ್ಮ ಯಜಮಾನರು ಬನಿಯನ್ನಿನಲ್ಲೇ ನಿಂತು ಚಪ್ಪಾಳೆ ಹೊಡೆಯತೊಡಗಿದರು. ಕೊನೆಗೆ ಗಡ್ಡದವರಲ್ಲೊಬ್ಬನಿಗೆ ಲಯ ತಪ್ಪಿತು. ಇನ್ನೊಬ್ಬನಿಗೂ ತಪ್ಪಿತು. ಐವರೂ ಬಿದ್ದು ಬಿದ್ದು ನಕ್ಕರು, ಕೆಮ್ಮುತ್ತಾ, ಏದುಸಿರು ಬಿಡುತ್ತಾ. ಆ ನಗುವಿನಲ್ಲೇ ರೆಕಾರ್ಡು ಮುಗಿಯಿತು.

ಮುದುಕರಾಗಿದ್ದರು, ಮುರಳಿ ಅಂದದ್ದು ಸುಳ್ಳಲ್ಲ. ಮುದುಕರಾಗಿ ಇಷ್ಟು ಖುಷಿಯಾಗಿದ್ದರು ಎಂಬುದು ಮಾತ್ರ ಇವರಿಗೆ ಗೊತ್ತಿರಲಿಲ್ಲ.

ವಿಮಲಾ ಮುರಳಿಯ ಮುಖ ನೋಡಿದಳು. "ಹೇಳಿ."

ಈ ಸಲವಾದರೂ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಬದುಕಿಕೊಳ್ಳೋ ಎಂದು ನಾನು ಕಣ್ಣಲ್ಲೇ ಹೇಳಿದೆ. ಕೇಳಲಿಲ್ಲ.

"ಮೊದಲನೇ ಹಾಡು ಸುಮಾರು" ಎಂದ. "ಫಸ್ಟ್ ಸೈಡ್ ಇವತ್ತಿಗೂ ತಿಥಿಮನೇನೇ. ಕೊನೇದು... ಕೊನೇದು ಇನ್ನೊಂದ್ಸಲ ಹಾಕ್ಲಾ?"

ವಿಮಲಾ ಎದ್ದಳು. ಕೈ ತೊಳೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು ರೇಡಿಯೋಗ್ರಾಮಿನ ಹತ್ತಿರ ಬಂದಳು. "ಸರೀರಿ, ಜಾಗ ಬಿಡಿ" ಎಂದಳು. "ನಾನು ಹಾಕ್ತೀನಿ. ನೀವು ಹೋಗಿ ಹಿದುಕಿ."

ಮುರಳಿ ಬಂದು ಅವಳ ಜಾಗದಲ್ಲಿ ಕೂತ. ಅವನ ಮೊದಲ ಕಾಳು ನನ್ನ ಕಣ್ಣಿಗೇ ಬಡಿಯಿತು. ಅವಳಪ್ಪ ಕನ್ನಡಕ ಒರೆಸಿಕೊಳ್ಳುತ್ತಾ ನನ್ನತ್ತ ಬಾಗಿ, "ಧನುರ್ಮಾಸ ಕಳೀಲಿ ಅಲ್ವೇನಮ್ಮ? ಮಾಘದಲ್ಲಿ ಇಟ್ಕೊಳ್ಳೋಣ" ಎಂದರು.

ನನ್ನ ಮುಚ್ಚಳ ಹೋಯಿತು. ಆ ವರ್ಷ ಅಕ್ಕಿಗೆ ಹುಳ ಬಿತ್ತು, ಅದನ್ನು ಯಾರೂ ಕೇಳಲಿಲ್ಲ.

ಮದುವೆಯಾದ ಹೊಸತರಲ್ಲಿ ಮುರಳಿಯನ್ನು ಅಡುಗೆಮನೆಗೆ ಕರೆದು ಕೇಳಿದ್ದೆ. "ನಿಜ ಹೇಳು, ರೆಕಾರ್ಡು ಇಷ್ಟ ಆಯ್ತೋ, ಹುಡುಗಿ ಇಷ್ಟ ಆದ್ಲು ಅಂತ ರೆಕಾರ್ಡು ಇಷ್ಟ ಆಯ್ತೋ?"

"ಇನ್ನೊಂದ್ಸಲ ಕೇಳಿ ಹೇಳ್ತೀನಿ ಅತ್ತಿಗೆ" ಎಂದಿದ್ದ.

ಈಗ ಅವನ ತಲೆ ಪೂರ್ತಿ ಬೋಳು. ಗಡ್ಡ ಮಾತ್ರ ಕೊನೆಗೂ ಬಂದಿದೆ, ಬೆಳ್ಳಗೆ. ಪ್ರತಿ ವರ್ಷ ಹೊಸ ಅವರೆ ಬಂದಾಗ ವಿಮಲಾ ಅದನ್ನೇ ಹಾಕುತ್ತಾಳೆ, ಅವನು ಬೇಸಿನ್ನಿನ ಮುಂದೆ ಕೂರುತ್ತಾನೆ. ನಾನೂ ಕೇಳುವುದನ್ನು ಬಿಟ್ಟಿಲ್ಲ. ಮೊನ್ನೆ ಭಾನುವಾರವೂ ಕೇಳಿದೆ, ಏನಪ್ಪಾ, ಯೋಚನೆ ಮಾಡಿದ್ಯಾ ಎಂದು. ಕೈಯಲ್ಲಿದ್ದ ಕಾಳನ್ನು ಪುಳಕ್ಕನೆ ತಟ್ಟೆಗೆ ಹಾರಿಸಿ, "ಇನ್ನೊಂದ್ಸಲ ಅತ್ತಿಗೆ" ಎಂದ.